ಬೆಕ್ಕಿನ ಜಲವಿಹಾರ, ಮನುಷ್ಯರ ಚಾಕರಿ

“ನಮ್ಮ ಬೆಕ್ಕಿಗೆ ಸಮುದ್ರ ಅಂದ್ರೆ ಪ್ರಾಣ!” ಮೂವತ್ತಡಿ ಹಾಯಿದೋಣಿಯ ಯಜಮಾನರು ಈ ಮಾತು ಹೇಳುವಾಗ ಅವರ ಮುಖ ನೋಡಬೇಕು. ಮಗಳಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆ. ಈ ವಿಷಯದಲ್ಲಿ ಬೆಕ್ಕಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಕೇಳುವುದಾದರೂ ಯಾವಾಗ? ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಹೊಡೆಯುವ ಪ್ರಾಣಿ ಅದು. ಮನೆಯ ಸೋಫಾದಲ್ಲಿ ಮಲಗಿದರೆ ಸೋಮಾರಿ, ದೋಣಿಯಲ್ಲಿ ಮಲಗಿದರೆ ಸಾಗರಪ್ರೇಮಿ. ಬೆಕ್ಕೂ ಅದೇ, ಭಂಗಿಯೂ ಅದೇ.

ರಜೆ ಬಂದರೆ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು, “ಎರಡು ಹೊತ್ತು ಬಟ್ಟಲು ನೋಡಿಕೊಳ್ಳಿ” ಎಂದು ಹೇಳಿ ಹೋಗುವ ಕಾಲವೊಂದಿತ್ತು. ಈಗ ಹಾಗೆ ಮಾಡಿದರೆ ಕ್ರೌರ್ಯ. ಬೆಕ್ಕಿಗೆ ಬೇಜಾರಾಗುತ್ತದಂತೆ. ಅದಕ್ಕೇ, ಮೈಮೇಲೆ ನಾಲ್ಕು ಹನಿ ಬಿದ್ದರೆ ಮಾರು ದೂರ ಹಾರುವ, ಮಲಗುವ ಬುಟ್ಟಿಯನ್ನು ಒಂದಡಿ ಸರಿಸಿದರೂ ಮುನಿಸಿಕೊಳ್ಳುವ, ತನ್ನ ಮನೆಯ ಮೂಲೆ ಮೂಲೆಯನ್ನೂ ದಿನಾ ಮೂಸಿ ಎಲ್ಲವೂ ನಿನ್ನೆಯಂತೆಯೇ ಇದೆಯೆಂದು ಖಾತ್ರಿ ಮಾಡಿಕೊಳ್ಳುವ ಪ್ರಾಣಿಯನ್ನು ಎತ್ತಿಕೊಂಡು, ಸುತ್ತಲೂ ನೀರೇ ಇರುವ, ನಿಂತ ನೆಲವೇ ಓಲಾಡುವ, ದಿನಕ್ಕೊಂದು ಬಂದರಿನ ವಾಸನೆ ಹೊಡೆಯುವ ಜಾಗಕ್ಕೆ ಕರೆದೊಯ್ಯುತ್ತಾರೆ. ಬೇಜಾರು ಕಳೆಯುತ್ತದೆ, ಅದರಲ್ಲಿ ಸಂಶಯವಿಲ್ಲ.

ಇವರ ಹತ್ತಿರ ವಾದಕ್ಕಿಳಿದರೆ ಮೊದಲು ಬರುವ ಉತ್ತರ, “ಹಿಂದೆ ಪ್ರತಿ ಹಡಗಿನಲ್ಲೂ ಬೆಕ್ಕು ಇರ್ತಿತ್ತು ಸ್ವಾಮಿ.” ಇರುತ್ತಿತ್ತು, ಯಾರು ಇಲ್ಲವೆಂದರು? ಆದರೆ ಅದು ಪ್ರವಾಸಕ್ಕೆ ಬಂದದ್ದಲ್ಲ, ನೌಕರಿಗೆ ಬಂದದ್ದು. ಇಲಿಗಳು ಹಗ್ಗ ಕಡಿಯುತ್ತಿದ್ದವು, ಹಾಯಿ ಹರಿಯುತ್ತಿದ್ದವು, ಧಾನ್ಯದ ಮೂಟೆಗಳನ್ನು ತೂತು ಮಾಡುತ್ತಿದ್ದವು. ಹಿಡಿದಷ್ಟು ಇಲಿಯೇ ಸಂಬಳ ಎಂಬ ಕರಾರಿನ ಮೇಲೆ ಬೆಕ್ಕನ್ನು ಸೇರಿಸಿಕೊಳ್ಳುತ್ತಿದ್ದರು. ಕಾಲಿಗೊಂದು ಬೆರಳು ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಅಂಥ ಬೆಕ್ಕು ಹಡಗಿಗೆ ಅದೃಷ್ಟ ಎಂದು ಹಳೆಯ ನಾವಿಕರ ನಂಬಿಕೆ.

1801ರಿಂದ 1803ರವರೆಗೆ ಆಸ್ಟ್ರೇಲಿಯಾವನ್ನು ಸುತ್ತಿ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸ್‌ನ ಜತೆಗಿದ್ದದ್ದು ಟ್ರಿಮ್ ಎಂಬ ಬೆಕ್ಕು. ಹುಟ್ಟಿದ್ದೇ 1799ರಲ್ಲಿ, ಹಡಗಿನ ಮೇಲೆ. ಮರಿಯಾಗಿದ್ದಾಗ ಒಮ್ಮೆ ಸಮುದ್ರಕ್ಕೆ ಬಿದ್ದು, ಈಜಿಕೊಂಡು ಬಂದು, ಹಗ್ಗ ಹಿಡಿದು ಮೇಲೆ ಹತ್ತಿತೆಂದು ಫ್ಲಿಂಡರ್ಸ್ ಬರೆದಿಟ್ಟಿದ್ದಾನೆ. ಇವತ್ತು ಬೆಕ್ಕಿರುವ ದೋಣಿಗಳ ಹಿಂಭಾಗದಲ್ಲಿ ನೀರಿಗೆ ಇಳಿಬಿಟ್ಟ ಹಳೆಯ ಟವೆಲೊಂದು ನೇತಾಡುತ್ತಿರುತ್ತದೆ. ಬಿದ್ದರೆ ಉಗುರು ಸಿಕ್ಕಿಸಿಕೊಂಡು ಹತ್ತಲಿ ಎಂದು. ಆ ಟವೆಲಿನ ವಂಶವೃಕ್ಷ ಹುಡುಕಿದರೆ ಟ್ರಿಮ್ ಸಿಗುತ್ತಾನೆ.

ಸೈಮನ್‌ನ ಕಥೆ ಇನ್ನೂ ದೊಡ್ಡದು. 1949ರಲ್ಲಿ ಅಮೆಥಿಸ್ಟ್ ಎಂಬ ಬ್ರಿಟಿಷ್ ಯುದ್ಧನೌಕೆ ಚೀನಾದ ಯಾಂಗ್‌ಟ್ಸೆ ನದಿಯಲ್ಲಿ ಗುಂಡಿನೇಟಿಗೆ ಸಿಕ್ಕಿ ಮೂರು ತಿಂಗಳು ಅಲ್ಲೇ ಉಳಿಯಿತು. ಹಡಗಿನ ಬೆಕ್ಕು ಸೈಮನ್‌ಗೂ ಷೆಲ್ಲಿನ ಚೂರು ಬಡಿದಿತ್ತು. ಚೇತರಿಸಿಕೊಂಡದ್ದೇ ತಡ, ಉಗ್ರಾಣದ ಇಲಿಗಳ ಮೇಲೆ ದಂಡೆತ್ತಿ ಹೋಯಿತು. ಯುದ್ಧದಲ್ಲಿ ಸೇವೆ ಮಾಡಿದ ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕವನ್ನು ಇದುವರೆಗೆ ಪಡೆದಿರುವ ಬೆಕ್ಕು ಇದೊಂದೇ. ಇಂಗ್ಲೆಂಡಿಗೆ ಬಂದಿಳಿದಾಗ ಅದ್ದೂರಿ ಸ್ವಾಗತ, ಅದಾದ ಮೇಲೆ ನೇರವಾಗಿ ಕ್ವಾರಂಟೈನ್. ಬೆಕ್ಕೆಂದರೆ ಬೆಕ್ಕು, ನಿಯಮವೆಂದರೆ ನಿಯಮ. ಅದೇ ನವೆಂಬರ್‌ನಲ್ಲಿ ಕ್ವಾರಂಟೈನ್‌ನಲ್ಲೇ ಸೈಮನ್ ತೀರಿಕೊಂಡಿತು. ಪದಕ ಮರಣೋತ್ತರವಾಗಿ ಬಂತು. ದೇಶಕ್ಕಾಗಿ ಷೆಲ್ ಏಟು ತಿಂದವರಿಗೆಂದು ಆ ಫಾರಂನಲ್ಲಿ ಕಾಲಂ ಇರಲಿಲ್ಲವೇನೋ.

1975ರಲ್ಲಿ ಬ್ರಿಟಿಷ್ ನೌಕಾಪಡೆ ನೈರ್ಮಲ್ಯದ ಕಾರಣ ಕೊಟ್ಟು ಹಡಗಿನ ಬೆಕ್ಕುಗಳನ್ನೇ ನಿಷೇಧಿಸಿತು. ಹೀಗೆ ನೌಕರಿ ಹೋಯಿತು. ನೌಕರಿ ಹೋದವರು ಮನೆಗೆ ಹೋಗುತ್ತಾರೆ. ಬೆಕ್ಕು ಜಲವಿಹಾರಕ್ಕೆ ಹೊರಟಿತು. ಹೊರಟಿತು ಎನ್ನುವುದೂ ತಪ್ಪು. ಹೊರಡಿಸಿದರು.

ಹೊರಡಿಸುವ ಸಂಭ್ರಮವನ್ನು ನೋಡಬೇಕು. ಡೆಕ್ಕಿನ ಅಂಚಿನ ತಂತಿಗಳಿಗೆ ಉದ್ದಕ್ಕೂ ಬಲೆ ಕಟ್ಟಬೇಕು. ಬೆಕ್ಕಿನ ಅಳತೆಯ ಲೈಫ್ ಜಾಕೆಟ್ ತರಬೇಕು. ಅದರ ಬೆನ್ನ ಮೇಲೊಂದು ಹಿಡಿಕೆ. ಬಿದ್ದರೆ ಕೊಕ್ಕೆಗೋಲು ಹಾಕಿ ಎತ್ತಲಿಕ್ಕೆ. ಜಾಕೆಟ್ ತೊಡಿಸಿದ ಕ್ಷಣವೇ ಬೆಕ್ಕು ಮೂಳೆಯೆಲ್ಲ ಕರಗಿಹೋದಂತೆ ದೊಪ್ಪನೆ ಮಗ್ಗುಲಾಗಿ ಬೀಳುತ್ತದೆ. ಕಣ್ಣು ಬಿಟ್ಟಿರುತ್ತದೆ, ಉಸಿರಾಡುತ್ತಿರುತ್ತದೆ, ಆದರೆ ಒಂದು ಹೆಜ್ಜೆ ಇಡುವುದಿಲ್ಲ. ನಿಜ ಹೇಳಬೇಕೆಂದರೆ ಇದಕ್ಕಿಂತ ಸುರಕ್ಷಿತ ವ್ಯವಸ್ಥೆ ಇನ್ನೊಂದಿಲ್ಲ. ಅಲ್ಲಾಡದ ಬೆಕ್ಕು ನೀರಿಗೆ ಬೀಳುವುದು ಹೇಗೆ? ರಾತ್ರಿ ಹೊತ್ತು ಮಾತ್ರ ಹುಡುಗಾಟ ಬೇಡ, ಒಳಗೆ ಹಾಕಿ ಬಾಗಿಲು ಮುಚ್ಚಬೇಕು. ಮನುಷ್ಯ ಬಿದ್ದರೆ ಕೂಗುತ್ತಾನೆ. ಕತ್ತಲಲ್ಲಿ ಬಿದ್ದ ಬೆಕ್ಕಿನ ದನಿ ಎಂಜಿನ್ ಸದ್ದನ್ನು ದಾಟಿ ಯಾರ ಕಿವಿಗೂ ಬೀಳುವುದಿಲ್ಲ.

ಇನ್ನು ಲಿಟರ್ ಟ್ರೇ, ಅಂದರೆ ಮಣ್ಣು ತುಂಬಿದ ಬೆಕ್ಕಿನ ಶೌಚದ ತಟ್ಟೆ. ವಿಹಾರದ ಚಿತ್ರಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ, ಅದಕ್ಕೇ ನಾನು ತೋರಿಸುತ್ತೇನೆ. ಬೆಕ್ಕು ಟ್ರೇ ಒಳಗೆ ಇಳಿಯುತ್ತದೆ. ಮೂಸುತ್ತದೆ. ಕೆದರುತ್ತದೆ, ಮನಸ್ಸಿಗೆ ಬಾರದೆ ಇನ್ನೊಂದು ಮೂಲೆಯಲ್ಲಿ ಕೆದರುತ್ತದೆ. ಕೊನೆಗೂ ಮುಂದಿನ ಕಾಲು ಜೋಡಿಸಿ, ದೂರದ ಯಾವುದೋ ಬಿಂದುವಿನಲ್ಲಿ ದೃಷ್ಟಿ ನೆಟ್ಟು ಕುಳಿತುಕೊಳ್ಳುತ್ತದೆ. ಸರಿಯಾಗಿ ಆಗಲೇ ಗಾಳಿ ಬಲವಾಗಿ, ದೋಣಿ 20 ಡಿಗ್ರಿ ವಾಲುತ್ತದೆ. ಟ್ರೇ ಹೊರಡುತ್ತದೆ. ಬೆಕ್ಕೂ ಅದರೊಳಗೇ ಹೊರಡುತ್ತದೆ, ಭಂಗಿ ಬಿಡುವುದಿಲ್ಲ, ದೃಷ್ಟಿಯನ್ನೂ ಕದಲಿಸುವುದಿಲ್ಲ. ಕ್ಯಾಬಿನ್ನಿನ ಆ ಗೋಡೆಗೆ ಢಮಾರ್ ಎಂದು ಬಡಿಯುವ ಹೊತ್ತಿಗೆ ಮಣ್ಣೆಲ್ಲ ಹಾಸಿಗೆಯ ಮೇಲೆ, ನಕ್ಷೆಯ ಮೇಲೆ, ಯಜಮಾನರ ಲೋಟದೊಳಗೆ. ಮೇಲೆ ಹಾಯಿ ಪಟಪಟ ಹೊಡೆದುಕೊಳ್ಳುತ್ತಿದೆ, ಕೆಳಗೆ ಟ್ರೇ ವಾಪಸು ಬರುತ್ತಿದೆ. ಹಾಯಿ ಇಳಿಸುವುದೋ, ಟ್ರೇ ಹಿಡಿಯುವುದೋ? ನೌಕಾಶಾಸ್ತ್ರದ ಯಾವ ತರಗತಿಯಲ್ಲೂ ಇದಕ್ಕೆ ಉತ್ತರ ಹೇಳಿಕೊಟ್ಟಿರುವುದಿಲ್ಲ.

ಚೆಲ್ಲಿದ್ದು ಅಲ್ಲಿಗೆ ಮುಗಿಯಲಿಲ್ಲ. ದೋಣಿಯಲ್ಲಿ ಚೆಲ್ಲಿದ್ದೆಲ್ಲ ತಳಕ್ಕೆ, ಅಂದರೆ ಬಿಲ್ಜ್‌ಗೆ ಇಳಿಯುತ್ತದೆ. ಬೆಕ್ಕಿನ ಲಿಟರ್‌ಗೆ ಸಾಮಾನ್ಯವಾಗಿ ಬಳಸುವ ಬೆಂಟೊನೈಟ್ ಜೇಡಿ ನೀರು ಕುಡಿದರೆ ಊದಿಕೊಂಡು ಅಂಟಾಗುತ್ತದೆ. ಅದರ ಮೇಲೆ ಬೆಕ್ಕು ದಿನಾ ಉದುರಿಸುವ ಕೂದಲು ಸೇರಿ, ಬಿಲ್ಜ್ ಪಂಪಿನ ಜಾಲರಿಗೆ ದಪ್ಪನೆಯ ಗಿಲಾವು ಆಗುತ್ತದೆ. ದೋಣಿಗೆ ನುಗ್ಗಿದ ನೀರನ್ನು ಹೊರಗೆ ಹಾಕಲಿಕ್ಕಿರುವ ಯಂತ್ರ ಅದು. ಅದು ನಿಂತಿದೆಯೆಂದು ತಿಳಿಯುವುದು ಕ್ಯಾಬಿನ್ನಿನ ನೆಲ ಒದ್ದೆಯಾದಾಗ. ನೆಲ ಒದ್ದೆಯಾದದ್ದನ್ನು ಎಲ್ಲರಿಗಿಂತ ಮೊದಲು ಪತ್ತೆ ಮಾಡಿ, ಪಾದ ಝಾಡಿಸಿ, ಊರಿಗೆಲ್ಲ ಕೇಳುವಂತೆ ಅರಚುವುದು ಬೆಕ್ಕು. ಈ ಲೆಕ್ಕದಲ್ಲಿ ಅದಕ್ಕೆ ಮತ್ತೆ ನೌಕರಿ ಸಿಕ್ಕಿತೆನ್ನಬಹುದು: ಪಂಪು ನಿಲ್ಲಿಸುವುದೂ ಅದೇ, ದೂರು ಕೊಡುವುದೂ ಅದೇ.

ಅಲೆ ಎದ್ದರೆ ಬೆಕ್ಕಿಗೂ ಹೊಟ್ಟೆ ತೊಳೆಸುತ್ತದೆ. ಜೊಲ್ಲು ಸುರಿಸುತ್ತದೆ, ಒಂದೇ ಸಮನೆ ಕೂಗುತ್ತದೆ, ವಾಂತಿ ಮಾಡುತ್ತದೆ. ಆಮೇಲೆ ದೋಣಿಯ ನಟ್ಟನಡುವೆ, ಆದಷ್ಟು ಕೆಳಗೆ, ಓಲಾಟ ಅತಿ ಕಡಿಮೆ ಇರುವ ಜಾಗ ಹುಡುಕಿ ಸೇರಿಕೊಳ್ಳುತ್ತದೆ. ಆ ಜಾಗ ಯಾವುದೆಂದು ಲೆಕ್ಕ ಹಾಕಲು ಮನುಷ್ಯ ಎಂಜಿನಿಯರಿಂಗ್ ಓದಬೇಕು. ಬೆಕ್ಕಿಗೆ ಹತ್ತು ನಿಮಿಷ ಸಾಕು. ಅಲ್ಲಿಂದ ಎರಡು ದಿನ ಅಲುಗಾಡುವುದಿಲ್ಲ. “ಸಮುದ್ರಕ್ಕೆ ಬಂದ ಮೇಲೆ ಎಷ್ಟು ಶಾಂತ ಆಗಿದೆ ನೋಡಿ” ಎನ್ನುತ್ತಾರೆ ಯಜಮಾನರು.

ಹೀಗೆ ಮುದುಡಿ ಬಿದ್ದ ಬೆಕ್ಕು ಮೇಲಕ್ಕೆ ಬರುವುದು ರೀಲ್ಸ್ ಮಾಡುವ ಹೊತ್ತಿಗೆ. ಸಮುದ್ರ ಶಾಂತವಾಗಿದೆ, ಸಂಜೆಯ ಬಿಸಿಲಿದೆ, ತಲೆಗೆ ಬಿಳಿ ಟೋಪಿ ಹಾಕಿ, ಮುಂಗಾಲನ್ನು ಚುಕ್ಕಾಣಿಯ ಮೇಲೆ ಇಡಿಸಿಯಾಗಿದೆ. ಕೆಳಗೆ ಒಕ್ಕಣೆ: “ನಾನು ಕ್ಯಾಪ್ಟನ್! ಇವತ್ತು ನಲವತ್ತು ಮೈಲಿ ನಾನೇ ಓಡಿಸಿದೆ!” ಆ ನಲವತ್ತು ಮೈಲಿಯೂ ಬೆಕ್ಕು ಸಾಕ್ಸಿನ ಡ್ರಾಯರಿನೊಳಗಿತ್ತು. ನಿಜವಾಗಿ ಓಡಿಸಿದ ಮಹಾನುಭಾವರು ಚೌಕಟ್ಟಿನ ಹೊರಗೆ ಮೊಣಕಾಲೂರಿ, ಬೆಕ್ಕು ಕ್ಯಾಮೆರಾ ಕಡೆ ನೋಡಲೆಂದು ಬಾಯಲ್ಲಿ ಇಲಿಯ ಸದ್ದು ಮಾಡುತ್ತಿದ್ದಾರೆ. ಬೆಕ್ಕಿನ ಪಕ್ಕ ನಿಂತು ಪಟ ತೆಗೆಸಿಕೊಳ್ಳುವ ಚಪಲ ಇವರದ್ದಷ್ಟೇ ಅಲ್ಲ ಬಿಡಿ. 1941ರ ಆಗಸ್ಟ್‌ನಲ್ಲಿ, ಮಹಾಯುದ್ಧದ ನಡುವೆ ರೂಸ್‌ವೆಲ್ಟ್‌ರನ್ನು ಭೇಟಿಯಾಗಲು ಅಟ್ಲಾಂಟಿಕ್ ದಾಟಿ ಹೋದ ಚರ್ಚಿಲ್, ಪ್ರಿನ್ಸ್ ಆಫ್ ವೇಲ್ಸ್ ಹಡಗಿನ ಬೆಕ್ಕು ಬ್ಲ್ಯಾಕಿಯ ಮುಂದೆ ಬಗ್ಗಿ ನಿಂತ ಫೋಟೋ ಇವತ್ತಿಗೂ ಜನಪ್ರಿಯ. ಆ ಬೆಕ್ಕು ಆಗ ಅಮೆರಿಕದ ಹಡಗಿಗೆ ಜಿಗಿದು ಹೋಗಲು ಹವಣಿಸುತ್ತಿತ್ತು. ಬೆಕ್ಕಿನ ಜತೆಗಿನ ಎಷ್ಟೋ ಫೋಟೋಗಳ ಒಳಗುಟ್ಟು ಇದೇ. ಮನುಷ್ಯರಿಗೆ ಅದು ಆತ್ಮೀಯ ಕ್ಷಣ, ಬೆಕ್ಕಿಗೆ ವಿಫಲ ಪಲಾಯನ.

ಇಷ್ಟೆಲ್ಲ ಆಗಿ ದೋಣಿ ಬೇರೆ ದೇಶದ ದಡ ಸೇರಿತೆನ್ನಿ. ಅಲ್ಲಿಂದ ಶುರು ಕಾಗದದ ಕಥೆ. ಬೆಕ್ಕಿನ ಚರ್ಮದಡಿ 15 ಅಂಕಿಯ ಮೈಕ್ರೋಚಿಪ್ ಇರಬೇಕು. ರೇಬೀಸ್ ಲಸಿಕೆ ಚಿಪ್ ಹಾಕಿಸುವ ಮೊದಲೇ ಆಗಿದ್ದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಯುರೋಪಿನಲ್ಲಾದರೆ ಮೊದಲ ಲಸಿಕೆಯ ನಂತರ 21 ದಿನ ಕಾಯಬೇಕು. ಕೆಲವು ದೇಶಗಳಿಗೆ ಅದೂ ಸಾಲದು, ರಕ್ತಪರೀಕ್ಷೆ ಮಾಡಿಸಿ ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ ಪ್ರತಿಕಾಯ ತೋರಿಸಬೇಕು. ಯುರೋಪಿಯನ್ ಒಕ್ಕೂಟ 2004ರಿಂದ ಬೆಕ್ಕುಗಳಿಗೆ ಪಾಸ್‌ಪೋರ್ಟ್ ಕೊಡುತ್ತಿದೆ. ಇನ್ನು ಬ್ರಿಟನ್ನಿಗೆ, ಐರ್ಲೆಂಡಿನಿಂದ ಬಂದರೆ ಬೇರೆ ಮಾತು, ಫ್ರಾನ್ಸ್ ಕಡೆಯಿಂದ ಸ್ವಂತ ದೋಣಿಯಲ್ಲಿ ಬೆಕ್ಕನ್ನು ಕರೆತರುವಂತೆಯೇ ಇಲ್ಲ. ಒಪ್ಪಿತ ಮಾರ್ಗದ ಫೆರಿಯಲ್ಲೋ ರೈಲಿನಲ್ಲೋ ವಿಮಾನದಲ್ಲೋ ಬರಬೇಕು. ಯಜಮಾನರು ದೋಣಿಯಲ್ಲಿ, ಬೆಕ್ಕು ಫೆರಿಯಲ್ಲಿ. ಜತೆಗಿರಲೆಂದು ಕರೆತಂದ ಬೆಕ್ಕು!

ನಿಯಮ ಮಾಡಿದವರನ್ನು ಬೈಯಲಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆ ರೋಗ ನೆಲೆಯೂರದ ಆಸ್ಟ್ರೇಲಿಯಾದಂಥ ದ್ವೀಪಗಳು ಹೆದರುವುದರಲ್ಲಿ ಅರ್ಥವಿದೆ. ಅರ್ಥವಿಲ್ಲದ್ದು, ಇದೆಲ್ಲ ಗೊತ್ತಿದ್ದೂ, ದಡಕ್ಕೆ ಇಳಿಸಲಾಗದ ಬೆಕ್ಕನ್ನು ಅಷ್ಟು ದೂರ ಕರೆದೊಯ್ದು ಕಿಟಕಿಯಿಂದ ದೇಶ ತೋರಿಸುವುದು. ಯಜಮಾನರು ಊರು ಸುತ್ತಲು ಹೋಗಿದ್ದಾರೆ, ಬೆಕ್ಕು ಕ್ಯಾಬಿನ್ನಿನಲ್ಲಿ ಬಂದಿ. ಅದು ನೋಡುತ್ತಿರುವಂತೆಯೇ ಕಟ್ಟೆಯಿಂದ ದೋಣಿಗೆ ಬಿಗಿದ ಹಗ್ಗದ ಮೇಲೆ ಇಲಿಯೊಂದು ಬಾಲ ಎತ್ತಿಕೊಂಡು ಸಾವಕಾಶವಾಗಿ ಬರುತ್ತದೆ. ಚಿಪ್ ಇಲ್ಲ, ಲಸಿಕೆ ಇಲ್ಲ, ಪಾಸ್‌ಪೋರ್ಟ್ ಇಲ್ಲ, ರಕ್ತಪರೀಕ್ಷೆಯ ವರದಿ ಇಲ್ಲ. ತಡೆಯುವವರೂ ಇಲ್ಲ. ತಡೆಯಬಲ್ಲ ಒಬ್ಬರು ಇದ್ದಾರೆ, ಅವರು ಗಾಜಿನ ಹಿಂದೆ ಲೈಫ್ ಜಾಕೆಟ್ ತೊಟ್ಟು ಮಗ್ಗುಲಾಗಿ ಬಿದ್ದಿದ್ದಾರೆ.

ಮುಂದಿನ ಬಂದರು. ಪದ್ಧತಿಯಂತೆ ಹಳದಿ ಬಾವುಟ ಏರಿಸಿ, ಯಾರೂ ಇಳಿಯದೆ ಕಾಯುತ್ತಿದ್ದಾರೆ. ಅಧಿಕಾರಿ ದೋಣಿ ಹತ್ತುತ್ತಾರೆ, ಫಾರಂ ತೆಗೆಯುತ್ತಾರೆ.

“ಎಷ್ಟು ಜನ?”

“ಇಬ್ಬರು ಸಾರ್. ಒಂದು ಬೆಕ್ಕು.”

ಅಧಿಕಾರಿ ತಲೆಯೆತ್ತಿ ಬೆಕ್ಕನ್ನು ದಿಟ್ಟಿಸುತ್ತಾರೆ. ಎಲ್ಲೋ ನೋಡಿದ ಮುಖ.

“ರೀಲ್ಸಲ್ಲಿ ಬರೋ ಕ್ಯಾಪ್ಟನ್ ಇದೇ ಅಲ್ವಾ?”

ಯಜಮಾನರು ಹಿರಿಹಿರಿ ಹಿಗ್ಗುತ್ತಾರೆ. “ಹೌದು ಸಾರ್! ನಮ್ಮ ದೋಣಿಗೆ ಇವನೇ ಕ್ಯಾಪ್ಟನ್.”

“ಸಂತೋಷ. ಹಾಗಾದ್ರೆ ಕೆಳಗಡೆ, ಕ್ಯಾಪ್ಟನ್ ಸಹಿ ಅಂತ ಇದೆಯಲ್ಲ, ಅಲ್ಲಿ ಇವರೇ ಹಾಕ್ಬೇಕು.”

“ಸಾರ್, ಅವನಿಗೆ ಬರೆಯೋಕೆ...”

“ಪರವಾಗಿಲ್ಲ, ಹೆಬ್ಬೆಟ್ಟು ನಡೆಯುತ್ತೆ.”

ಯಜಮಾನರು ಬೆಕ್ಕಿನ ಕಾಲು ಹಿಡಿದು ಬೆರಳು ಎಣಿಸತೊಡಗುತ್ತಾರೆ. ಒಂದು ಹೆಚ್ಚಿಗೆ ಇದೆ.

“ಸಾರ್, ಇದರಲ್ಲಿ ಹೆಬ್ಬೆಟ್ಟು ಯಾವ್ದು?”