ನನ್ನ ಕಾಲಿನ ಚಿಂತೆ ಮಾಡುವವರಿಗೆ

ಈಗಷ್ಟೇ ಬದಿಯಡ್ಕದಲ್ಲಿ ಮದುವೆ ಊಟ ಮುಗಿಸಿ ಬಂದೆ, ಸೀರೆ ಕೂಡ ಬದಲಾಯಿಸ್ಲಿಲ್ಲ, ಮೊದಲು ಇದನ್ನು ಬರೀತೇನೆ. ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಮೂರು ಜನ ಕೇಳಿಯಾಯ್ತು, "ಟೀಚರೇ, ಇನ್ನೂ ಓಡುದು ಬಿಡ್ಲಿಲ್ವಾ? ಈ ಪ್ರಾಯದಲ್ಲಿ ಎಂತಕ್ಕೆ? ಮೊಣಗಂಟು ಹೋದ್ರೆ ನೋಡುವವರು ಯಾರು?" ಎದುರು ಸಾಲಲ್ಲಿ ನಮ್ಮ ಮಾವ ಕೂತಿದ್ರು, ಅಡಿಕೆ ಮರದಿಂದ ಬಿದ್ದು ಸೊಂಟ ಪೆಟ್ಟಾದವರು. ಅವರತ್ರ ಕೇಳಿದ್ದು ಒಂದೇ: "ಮಳೆಗೆ ಮೊದಲು ಮರ ಹತ್ಲಿಕ್ಕೆ ಆದೀತಾ? ಅಡಿಕೆಗೆ ಮದ್ದು ಬಿಡ್ಲಿಕ್ಕೆ ಜನ ಸಿಕ್ಕುದಿಲ್ಲ."

ಮರದಿಂದ ಬಿದ್ದವರಿಗೆ ಪುನಃ ಹತ್ತು ಅಂತಾರೆ, ಕಾಲು ನೊಂದ ನನಗೆ ನಿಲ್ಲಿಸು ಅಂತಾರೆ. ಯಾಕೆ? ನಾನು ಓಡುದ್ರಿಂದ ಮನೆಗೆ ಹತ್ತು ರೂಪಾಯಿ ಬರುದಿಲ್ಲ, ಅಷ್ಟೇ ತಾನೇ?

ಪೆಟ್ಟಾಗುದೇ ಇಲ್ಲ ಅಂತ ನಾನು ಯಾವತ್ತೂ ಹೇಳ್ಲಿಲ್ಲ. ಕಳೆದ ವರ್ಷ ವಾರಕ್ಕೆ 20 ಕಿಲೋಮೀಟರ್ ಓಡ್ತಿದ್ದವಳು ಒಮ್ಮೆಲೇ 40ಕ್ಕೆ ಹೋದೆ, ಮೊಣಗಂಟಿನ ಕೆಳಗೆ ನೋವು ಶುರುವಾದ್ರೂ ಯಾರತ್ರವೂ ಹೇಳದೆ ಮೂರು ವಾರ ಓಡಿದೆ. ಎಕ್ಸ್‌ರೇಯಲ್ಲಿ ಎಂತದೂ ಕಾಣ್ಲಿಲ್ಲ, ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದ ಮೇಲೆ ಸ್ಟ್ರೆಸ್ ಫ್ರಾಕ್ಚರ್ ಅಂತ ಗೊತ್ತಾಯ್ತು. ಎಲುಬು ತನ್ನನ್ನು ತಾನು ರಿಪೇರಿ ಮಾಡುದಕ್ಕಿಂತ ಬೇಗ ನಾವು ಭಾರ ಹಾಕಿದ್ರೆ ಹೀಗೆ ಸಣ್ಣ ಬಿರುಕು ಬಿಡ್ತದೆ. ಅದು ನನ್ನದೇ ತಪ್ಪು. ಎಂಟು ವಾರ ಓಡದೆ ಕೂತೆ, ಆ ಎಂಟು ವಾರ ಕ್ಲಾಸಿನ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದ್ದೇನೆ, ಒಂದು ಹುಡುಗಿ ಅತ್ತೇಬಿಟ್ಟಳು. ಕಾಲು ನೋವಿಗಿಂತ ಅದು ದೊಡ್ಡ ನೋವು ನನಗೆ.

ಓಡಿದ್ರೆ ಗಂಟು ಸವೀತದೆ ಅಂತೀರಲ್ಲ, 2017ರಲ್ಲಿ ತುಂಬ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಖುಷಿಗೆ ಓಡುವವರಲ್ಲಿ ಸೊಂಟ ಅಥವಾ ಮೊಣಗಂಟಿನ ಸವೆತ ಇದ್ದದ್ದು ಶೇಕಡಾ 3.5 ಜನರಿಗೆ, ಓಡದೆ ಕೂತವರಲ್ಲಿ 10.2. ಸ್ಪರ್ಧೆಗೇ ಓಡುವವರಲ್ಲಿ 13.3 ಇತ್ತು, ಅದನ್ನೂ ಮುಚ್ಚಿಡುದಿಲ್ಲ, ಆದ್ರೆ ನಾನು ಓಡುದು ನೀರ್ಚಾಲಿನವರೆಗೆ, ಒಲಿಂಪಿಕ್ಸಿಗಲ್ಲ. ಆ ಒಲಿಂಪಿಕ್ಸಲ್ಲೂ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ! ಅಲ್ಲಿವರೆಗೆ ಅವರಿಗೆ ಹೇಳ್ತಿದ್ದದ್ದೂ ಇದನ್ನೇ, ನಿಮ್ಮ ದೇಹ ತಡೆಯುದಿಲ್ಲ ಅಂತ.

"ಆರೋಗ್ಯಕ್ಕೆ ನಡೆದ್ರೆ ಸಾಕಲ್ಲ" ಅಂದ್ರು ಅತ್ತಿಗೆ. ಸಾಕು ಅತ್ತಿಗೆ, ಆರೋಗ್ಯಕ್ಕೆ ಸಾಕು. ನಾನು ಓಡುದು ಬರೀ ಆರೋಗ್ಯಕ್ಕಲ್ಲ.

ಕೈ ತೊಳೆಯುವಲ್ಲಿ ಮಾವ ಹತ್ತಿರ ಬಂದು ಮೆಲ್ಲ ಕೇಳಿದ್ರು, "ಓಡುವಾಗ ನಿನಗೆ ಎಂತ ಆಗ್ತದೆ?" ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ಮೊದಲ ಎರಡು ಕಿಲೋಮೀಟರ್ ಬರೀ ಕಷ್ಟ ಮಾವ, ಆಮೇಲೆ ಉಸಿರು ಒಂದು ಲೆಕ್ಕಕ್ಕೆ ಬರ್ತದೆ, ಮತ್ತೆ ನನಗೆ ಮೈ ಉಂಟು ಅಂತಲೇ ನೆನಪಿರುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. "ಮೇಲಿಂದಲೇ ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ನನಗೂ ಹಾಗೇ ಆಗ್ತಿತ್ತು. ಯಾರತ್ರವೂ ಹೇಳ್ಲಿಲ್ಲ."