ಗಾಡಿ ಮಾಡಿಕೊಂಡು ದ್ವೀಪಕ್ಕೆ

ಶಿರಸಿ ಸೀಮೆಯವರು ದ್ವೀಪ ನೋಡಬೇಕೆಂದರೆ ಮೊದಲು ಗಾಡಿ ಮಾಡಬೇಕು. ದೋಣಿಯ ವಿಚಾರ ಆಮೇಲೆ. ಸಮುದ್ರ ನಮ್ಮ ಜಿಲ್ಲೆಯದ್ದೇ, ಆದರೆ ನಡುವೆ ಘಟ್ಟ ಅಡ್ಡ ಮಲಗಿದೆ. ಅದನ್ನು ಇಳಿಯುವವರೆಗೆ ನಮಗೆ ದ್ವೀಪವೆಂದರೆ ಯಾರೋ ಡ್ರೋನ್ ಹಾರಿಸಿ ತೆಗೆದು ವಾಟ್ಸಾಪಿಗೆ ಬಿಟ್ಟ ವಿಡಿಯೋ ಅಷ್ಟೇ. ಬಸ್ಸು ಇದೆ, ಇಲ್ಲ ಅಂತಲ್ಲ. ಕುಮಟಾದಲ್ಲಿ ಇಳಿದು, ಇನ್ನೊಂದು ಹಿಡಿದು, ಕಾರವಾರ ಮುಟ್ಟಿ, ಅಲ್ಲಿಂದ ರಿಕ್ಷಾದಲ್ಲಿ ದಂಡೆಗೆ ಹೋಗುವಷ್ಟರಲ್ಲಿ ಗಾಳಿ ಎದ್ದಿರುತ್ತದೆ, ಬೋಟಿನವನು ಊಟಕ್ಕೆ ಮನೆಗೆ ಹೋಗಿರುತ್ತಾನೆ. ಸ್ವಂತ ಕಾರಿದ್ದವರ ಪಾಡು ಇನ್ನೂ ಬೇರೆ. ಅವರು ದಿನವಿಡೀ ನೋಡುವುದು ಮುಂದಿನ ಲಾರಿಯ ಹಿಂಭಾಗವನ್ನು.

ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಕ್ಕನ ಮಗ ಇದಕ್ಕೆಲ್ಲ ‘ಕಸ್ಟಮೈಸ್ಡ್ ಡೇ ಟ್ರಿಪ್’ ಎಂದು ಹೆಸರಿಟ್ಟ. ನಮಗೆ ಬೇಕಾದ ಜಾಗ, ಬೇಕಾದ ಹೊತ್ತು, ಬೇಕಾದಲ್ಲಿ ಚಹಾ. ಕೇಳಲು ಬಹಳ ಚೆನ್ನಾಗಿತ್ತು. ಒಂದೇ ತೊಡಕು ಎಂದರೆ ಒಂದು ಮನೆಯಲ್ಲಿ ‘ನಮಗೆ ಬೇಕಾದದ್ದು’ ಎಂಬುದು ಒಂದೇ ಇರುವುದಿಲ್ಲ. ಅವನು ನೇತ್ರಾಣಿ, ಬಸವರಾಜದುರ್ಗ, ಕೂರ್ಮಗಡ, ದೇವಗಡ, ಅಂಜುದೀವ ಎಂದು ಐದು ದ್ವೀಪಗಳನ್ನೂ ಬರೆದ. ಹೆಂಡತಿ ಮುರ್ಡೇಶ್ವರ ಸೇರಿಸಿದಳು. ಅತ್ತೆ ಪಟ್ಟಿಯ ಸುದ್ದಿಗೇ ಬರಲಿಲ್ಲ. ಕುಮಟೆಯಲ್ಲಿರುವ ತಂಗಿಗೆ ಫೋನ್ ಮಾಡಿ, "ನಾಳೆ ಹಂಗೇ ಬಂದು ಹೋಗ್ತ್ಯ" ಎಂದು ಹೇಳಿ ಇಟ್ಟುಬಿಟ್ಟರು.

ಗಾಡಿಯವರ ಲೆಕ್ಕ ಗೊತ್ತಿದ್ದದ್ದೇ. ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ 300 ಕಿಲೋಮೀಟರು, ಡ್ರೈವರ್ ಬಾಟಾ ಬೇರೆ, ಟೋಲು ಪಾರ್ಕಿಂಗು ನಮ್ಮದು. ಕನಿಷ್ಠ 300 ಎಂಬುದು ಮನೆಯ ಹಿರಿಯರ ತಲೆಯಲ್ಲಿ ಕೂತರೆ ಮುಗಿಯಿತು. ಕೊಟ್ಟ ದುಡ್ಡಿಗೆ ಓಡದೆ ಉಳಿದ ಪ್ರತಿ ಕಿಲೋಮೀಟರೂ ಅವರಿಗೆ ತಟ್ಟೆಯಲ್ಲಿ ಬಿಟ್ಟ ಅನ್ನ.

ನಮ್ಮ ನಾಯ್ಕರು ಹಿಂದಿನ ಸಂಜೆಯೇ ಬಂದು ಜಗುಲಿಯಲ್ಲಿ ಕೂತು ಪಟ್ಟಿ ನೋಡಿದರು. ಈ ಕಡೆಯ ಒಳ್ಳೆಯ ಡ್ರೈವರು ಎಂದೂ ಆಗುವುದಿಲ್ಲ ಎನ್ನುವುದಿಲ್ಲ. "ಆಗ್ತದೆ, ಅಡ್ಡಿಲ್ಲ" ಎನ್ನುತ್ತಾನೆ. ಆಮೇಲೆ ಒಂದು ‘ಆದ್ರೆ’ ಬರುತ್ತದೆ. "ನೇತ್ರಾಣಿ ಆಗ್ತದೆ ಹೆಗಡೇರೇ, ಆದ್ರೆ ಬೋಟು ಬೆಳಿಗ್ಗೆ ಮುರ್ಡೇಶ್ವರದಿಂದ ಬಿಡ್ತದೆ, ನಾವು ಇಲ್ಲಿಂದ ರಾತ್ರೆನೇ ಹೊರಡ್ಬೇಕು. ದಂಡೆಯಿಂದ ಹತ್ತೊಂಬತ್ತು ಕಿಲೋಮೀಟರ್ ಒಳಗೆ. ಅಮ್ಮಂಗೆ ಆಗ್ತದಾ ನೋಡಿ." ಅಮ್ಮ ಎಂದರೆ ನಮ್ಮ ಅತ್ತೆ. ಅವರಿಗೆ ಘಟ್ಟದ ಮೂರನೇ ತಿರುವಿಗೇ ಲಿಂಬೆಹಣ್ಣು ಬೇಕು. ನೇತ್ರಾಣಿ ಹೋಯಿತು. ಮೇಲಿನಿಂದ ಹೃದಯದ ಆಕಾರದಲ್ಲಿ ಕಾಣುವ, ಸ್ಕೂಬಾದವರು ಮುಗಿಬೀಳುವ, ಹಿಂದೊಮ್ಮೆ ನೌಕಾಪಡೆಯವರು ಗುರಿ ಹೊಡೆದು ಅಭ್ಯಾಸ ಮಾಡುತ್ತಿದ್ದ ದ್ವೀಪ ಅದು. ನಮ್ಮ ಜಗುಲಿಯಲ್ಲಿ ಅದನ್ನು ಹೊಡೆದು ಹಾಕಲು ಅರ್ಧ ವಾಕ್ಯ ಸಾಕಾಯಿತು. ಬಸವರಾಜದುರ್ಗವೂ ಆಗುತ್ತದಂತೆ, ಆದರೆ ಹೊನ್ನಾವರದ ಅಳಿವೆ ದಾಟಬೇಕು, ಅಲ್ಲಿ ಮರಳು ಎಲ್ಲಿ ಕೂತಿದೆ ಎಂಬುದು ಆ ದಿನದ ಬೋಟಿನವನಿಗೇ ಗೊತ್ತು. ಕೆಳದಿ ಅರಸರ ಕಾಲದ ಆ ದ್ವೀಪಕೋಟೆಯೂ ಹೋಯಿತು. ಮುರ್ಡೇಶ್ವರ ಎಡಕ್ಕೆ, ಕಾರವಾರ ಬಲಕ್ಕೆ, ಒಂದೇ ದಿನ ಎರಡೂ ಎಂದರೆ ಬರೀ ಹೆದ್ದಾರಿ ನೋಡಿ ಬಂದ ಹಾಗೆ. ಹತ್ತು ನಿಮಿಷದಲ್ಲಿ ಪಟ್ಟಿ ಅರ್ಧವಾಗಿತ್ತು, ಅವರು ಒಂದಕ್ಕೂ ಬೇಡ ಎಂದಿರಲಿಲ್ಲ. ಇಷ್ಟು ನಯವಾಗಿ ಕತ್ತರಿ ಹಾಕುವವರು ನಮ್ಮ ಕಡೆಯ ಮದುವೆ ಮಾತುಕತೆಯಲ್ಲೂ ಸಿಗುವುದು ಕಡಿಮೆ.

ಬಾಡಿಗೆ ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಬರೆಯದ ಕಾನೂನಿದೆ. ಮುಂದಿನ ಸೀಟು ಒಂದೋ ಮನೆಯ ಹಿರಿಯರಿಗೆ, ಇಲ್ಲ ವಾಂತಿ ಮಾಡುವವರಿಗೆ. ಎರಡೂ ಒಬ್ಬರೇ ಆದರೆ ಉಳಿದವರಿಗೆ ಸುಖ. ಡ್ಯಾಶ್‌ಬೋರ್ಡಿನ ಮೇಲೆ ಮಾರಿಕಾಂಬೆಯ ಪುಟ್ಟ ಫೋಟೋ, ಅದಕ್ಕೊಂದು ತುಂಡು ಮಲ್ಲಿಗೆ. ಬಾಗಿಲ ಗೂಡಿನಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ಚೀಲಗಳು. ಅವು ಏತಕ್ಕೆಂದು ಯಾರೂ ಕೇಳುವುದಿಲ್ಲ. ದೇವಿಮನೆಯಲ್ಲಿ ನಾಯ್ಕರು ಗಾಡಿ ನಿಲ್ಲಿಸಿ ಕೈ ಮುಗಿದು ಬಂದರು. ಅತ್ತೆಯೂ ಇಳಿದು ಕೈ ಮುಗಿದರು, ಆದರೆ ಅವರದು ಮುಂದಿನ ತಿರುವುಗಳ ಸಲುವಾಗಿ. ಅಲ್ಲಿಂದ ಕತಗಾಲದವರೆಗೆ ಗಾಡಿಯೊಳಗೆ ಮಾತಿಲ್ಲ.

ಕುಮಟೆಯಲ್ಲಿ ಅತ್ತೆಯ ತಂಗಿ ‘ಬರೀ ಒಂದು ಕಷಾಯ’ ಎಂದವರು ದೋಸೆ ಹುಯ್ದು ಕಾದಿದ್ದರು. ಡ್ರೈವರಿಗೂ ಎಲೆ ಹಾಕಿದ್ದರು. ಅಕ್ಕನ ಮಗ ಗಡಿಯಾರ ನೋಡಿದ. ನಾಯ್ಕರು ಎರಡನೇ ದೋಸೆಗೆ ಬೆಲ್ಲ ಕೇಳಿದರು. ಅವನ ಎಕ್ಸೆಲ್ ಶೀಟಿನಲ್ಲಿ ಈ ಮುಕ್ಕಾಲು ಗಂಟೆಗೆ ಜಾಗವಿರಲಿಲ್ಲ, ನಾಯ್ಕರ ತಲೆಯಲ್ಲಿತ್ತು. ಹೊರಡುವ ಹೊತ್ತನ್ನು ಅವರು ನಮಗೆ ಅರ್ಧ ಗಂಟೆ ಮುಂಚೆಯೇ ಹೇಳಿದ್ದು ಯಾಕೆಂದು ಆಗ ತಿಳಿಯಿತು.

ಹೆದ್ದಾರಿ ಸೇರಿದ ಮೇಲೆ ಬಾಯಿ ಬಿಟ್ಟರು. ಯಾವ ಸೇತುವೆ ಯಾವಾಗ ಆಯಿತು, ಹಟ್ಟಿಕೇರಿ ಟೋಲಿನಲ್ಲಿ ಯಾವ ಸಾಲು ಬೇಗ ಸರಿಯುತ್ತದೆ, ಗೋವಾ ಗಡಿ ದಾಟಿದರೆ ಹಳದಿ ಬೋರ್ಡಿಗೆ ಏನೇನು ಕಾಗದ ಬೇಕು, ಎಲ್ಲ. ಶಿರೂರು ಬಂದಾಗ ಮಾತ್ರ ಅರ್ಧದಲ್ಲಿ ನಿಲ್ಲಿಸಿ ಗೇರು ಇಳಿಸಿದರು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಇಲ್ಲೇ. ರಸ್ತೆ ಬದಿಯ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಚಹಾಕ್ಕೆಂದು ನಿಂತ ಲಾರಿಯವರು ಮಣ್ಣಿನಡಿಗೆ ಹೋದರು. ಗಂಗಾವಳಿಗೆ ಬಿದ್ದ ಒಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಈ ದಾರಿಯಲ್ಲಿ ಓಡುವ ಡ್ರೈವರುಗಳಿಗೆಲ್ಲ ಆ ಅಂಗಡಿ ಗೊತ್ತಿತ್ತು. "ನಾನೂ ಕುಡೀತಿದ್ದೆ ಅಲ್ಲಿ" ಎಂದರು ನಾಯ್ಕರು. ಅಂಕೋಲೆಯವರೆಗೂ ಅಷ್ಟೇ ಮಾತು.

ಕಾರವಾರ ಹತ್ತಿರ ಬರುತ್ತಿದ್ದಂತೆ ಅವರದು ಬೇರೆಯದೇ ಕಟ್ಟಪ್ಪಣೆ. "ಮೊಬೈಲ್ ಕೆಳಗಿಡಿ." ಅರಗಾದಿಂದ ಶುರುವಾಗಿ ಬೇಲಿಯುದ್ದಕ್ಕೂ ನೌಕಾಪಡೆಯ ಬೋರ್ಡುಗಳು, ಫೋಟೋ ತೆಗೆಯುವಂತಿಲ್ಲ. ಆ ಕಡೆ ನೀರಿನಲ್ಲಿ ಅಂಜುದೀವ. ಪಟ್ಟಿಯಲ್ಲಿದ್ದ ಐದರಲ್ಲಿ ನನಗೆ ಬಹಳ ಮೋಜೆನಿಸುವುದು ಇದೇ. ಕಾರವಾರದ ಮುಖಕ್ಕೇ ಇದ್ದರೂ ಲೆಕ್ಕ ಗೋವಾದ್ದು. 1498ರಲ್ಲಿ ವಾಸ್ಕೋ ಡ ಗಾಮಾ ವಾಪಸು ಹೋಗುವಾಗ ಇಲ್ಲಿ ತಂಗಿದ್ದ; 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ಕೈ ಹಾಕಿದರು; 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಪ್ರಾಣ ತೆತ್ತು ಬಿಡಿಸಿಕೊಂಡಿತು. ಸೀಬರ್ಡ್ ನೌಕಾನೆಲೆಗಾಗಿ ಕಲ್ಲು ಸುರಿದು ಕಟ್ಟಿದ ಅಲೆತಡೆ ಗೋಡೆ ಈಗ ಅದನ್ನು ಬಿಣಗಾ ಕಡೆಯ ನೆಲಕ್ಕೆ ಜೋಡಿಸಿದೆ. ಅಂದರೆ ನಮ್ಮ ಪಟ್ಟಿಯಲ್ಲಿ ದೋಣಿ ಬೇಡದ ದ್ವೀಪ ಇದ್ದರೆ ಅದು ಇದು, ಮತ್ತು ಅದಕ್ಕೆ ನಮಗೆ ಪ್ರವೇಶವಿಲ್ಲ. ನಾಯ್ಕರು ಇದರ ಬಗ್ಗೆ ಮಾತ್ರ ‘ಆಗ್ತದೆ’ ಎಂದಿರಲಿಲ್ಲ. "ದಾರಿಯಿಂದ ಕಾಣ್ತದೆ" ಎಂದಿದ್ದರು. ಕಂಡಿತು. ಮತ್ತೊಂದಕ್ಕೆ ಗೀಟು ಎಳೆದದ್ದಾಯಿತು.

ದಂಡೆಯಲ್ಲಿ ಬೋಟಿನವನ ಹತ್ತಿರ ಮಾತಾಡಿದ್ದೂ ಅವರೇ, ಅರ್ಧ ಕೊಂಕಣಿ, ಅರ್ಧ ಕನ್ನಡ. ನಮ್ಮನ್ನು ಹತ್ತಡಿ ದೂರ ನಿಲ್ಲಿಸಿದ್ದರು. ಪ್ಯಾಂಟು ಮಡಚಿಕೊಂಡು ಸಮುದ್ರಕ್ಕೆ ಕೈ ತೋರಿಸಿ ‘ವಾವ್’ ಎನ್ನುವವರು ಪಕ್ಕದಲ್ಲಿದ್ದರೆ ರೇಟು ಇಳಿಯುವುದಿಲ್ಲವಂತೆ. ದೇವಗಡದ ದೀಪಸ್ತಂಭದವರೆಗೆ ಹೋಗಲು ಗಾಳಿ ಸರಿಯಿಲ್ಲ, ಕೂರ್ಮಗಡಕ್ಕೆ ಹೋಗಿ ಬರಬಹುದು ಎಂದು ಅವರಿಬ್ಬರಲ್ಲೇ ತೀರ್ಮಾನವಾಯಿತು. ಆಮೇಲೆ ಲೈಫ್ ಜಾಕೆಟ್ಟು. ಅತ್ತೆ ಸೀರೆಯ ಮೇಲೆ ಅದು ಬೇಡವೆಂದರು. ಇಡೀ ದಿನದಲ್ಲಿ ನಾಯ್ಕರು ದನಿ ಏರಿಸಿದ್ದು ಆಗೊಮ್ಮೆ: "ಕಟ್ಟದಿದ್ರೆ ಹತ್ತೂದು ಬ್ಯಾಡ ಅಮ್ಮ, ನನ್ ಸಂಗ್ತಿ ಇಲ್ಲೇ ಕೂತ್ಕಳಿ." ಅತ್ತೆ ಕಟ್ಟಿಸಿಕೊಂಡರು.

ನಾಯ್ಕರು ಬರಲಿಲ್ಲ. ಕರೆದೆವು, ಗಾಡಿ ಬಿಟ್ಟು ಬರುವ ಹಾಗಿಲ್ಲ ಎಂದರು. ನಮ್ಮ ಚಪ್ಪಲಿ, ಪರ್ಸು, ಅತ್ತೆಯ ಎಲೆಯಡಿಕೆ ಚೀಲ, ಅಕ್ಕನ ಮಗನ ಲ್ಯಾಪ್‌ಟಾಪು, ಕುಮಟೆಯ ಚಿಕ್ಕತ್ತೆ ಕೊಟ್ಟ ಕೋಕಂ ಡಬ್ಬ, ಎಲ್ಲ ಅವರ ಸುಪರ್ದಿಗೆ. ಗಾಳಿಮರದ ನೆರಳಿಗೆ ಗಾಡಿ ಹಾಕಿ, ನಾಲ್ಕೂ ಬಾಗಿಲು ತೆಗೆದು, ಸೀಟು ಹಿಂದಕ್ಕೆ ಮಲಗಿಸಿ, ಮುಖದ ಮೇಲೆ ಟವೆಲ್ಲು ಎಳೆದುಕೊಂಡರು. ಇವರ ವೃತ್ತಿಯೇ ಹಾಗೆ. ಬೇರೆಯವರು ನೋಡುವ ಜಾಗದ ಪಾರ್ಕಿಂಗಿನವರೆಗೆ ಇವರು ಎಲ್ಲ ನೋಡಿರುತ್ತಾರೆ. ಅದರಲ್ಲಿ ಇವರಿಗೆ ಬೇಜಾರಿದೆಯೆಂದು ನಾವು ತಿಳಿಯುವುದು ಮಾತ್ರ ನಮ್ಮ ಹುಚ್ಚು. ಮುಂಜಾನೆ ನಾಲ್ಕಕ್ಕೆ ಎದ್ದವರಿಗೆ ದ್ವೀಪಕ್ಕಿಂತ ಎರಡು ತಾಸಿನ ನಿದ್ದೆ ದೊಡ್ಡದು. ನಮ್ಮನ್ನು ಬೇಗ ಬೇಗ ದೋಣಿ ಹತ್ತಿಸಿದ್ದರಲ್ಲಿ ಅದೂ ಒಂದು ಪಾಲಿತ್ತೆಂದು ನನ್ನ ಅನುಮಾನ.

ಕೂರ್ಮಗಡ ಆಮೆಯ ಬೆನ್ನಿನ ಆಕಾರದ ಗುಡ್ಡ. ಮೇಲೆ ನರಸಿಂಹ ದೇವರು. ವರ್ಷಕ್ಕೊಮ್ಮೆ ಪುಷ್ಯ ಹುಣ್ಣಿಮೆಗೆ ಜಾತ್ರೆ. ಆಗ ಕಾರವಾರದ ಮೀನುಗಾರರ ಬೋಟುಗಳೆಲ್ಲ ಸಿಂಗಾರಗೊಂಡು ಜನರನ್ನು ತುಂಬಿಕೊಂಡು ಬರುತ್ತವೆ. ಉಳಿದ ದಿನ ನಮ್ಮಂಥ ನಾಲ್ಕು ಜನ, ಗಾಳಿ, ಕಾಲಿಗೆ ಚುಚ್ಚುವ ಒಣಹುಲ್ಲು. ಹತ್ತಿ ನಿಂತರೆ ಒಂದು ಕಡೆ ದೇವಗಡದ ದೀಪಸ್ತಂಭ, ಇನ್ನೊಂದು ಕಡೆ ಕಾಳಿ ಸಮುದ್ರ ಸೇರುವ ಜಾಗ, ಸದಾಶಿವಗಡದ ಗುಡ್ಡ. ನೋಡಲು ಇಷ್ಟೆಲ್ಲ ಇದ್ದರೂ ನಮ್ಮವರು ಮಾಡಿದ್ದೇನು ಗೊತ್ತೇ? ಬಂದ ದಂಡೆಯ ಕಡೆ ತಿರುಗಿ ಗಾಡಿ ಹುಡುಕಿದರು. ಆ ಬಿಳಿ ಚುಕ್ಕೆ ನಮ್ಮದು ಎಂದು ಹೆಂಡತಿ, ಅಲ್ಲ ಅದರ ಪಕ್ಕದ್ದು ಎಂದು ಅಕ್ಕನ ಮಗ. ಅತ್ತೆಗೆ ಚುಕ್ಕೆಯೂ ಕಾಣಲಿಲ್ಲ. "ಆ ತಮಾ ಗ್ಲಾಸ್ ಏರ್ಸಿದ್ನಾ ಇಲ್ಯನ, ಮಂಗ ಬಂದ್ರೆ ಕೋಕಂ ಡಬ್ಬ ಹೊತ್ಕಂಡು ಹೋಗ್ತು" ಎಂದರು. ಸುತ್ತ ನಾಲ್ಕು ದಿಕ್ಕಿಗೂ ಅರಬ್ಬಿ ಸಮುದ್ರ, ನಮ್ಮ ಚರ್ಚೆ ಕೋಕಮ್ಮಿನದು.

ಊಟದ ಹೊತ್ತಿನಲ್ಲಿ ಇನ್ನೊಂದು ಒಪ್ಪಂದ. ನಮ್ಮನ್ನು ಒಂದು ಶಾಕಾಹಾರಿ ಖಾನಾವಳಿಯ ಬಾಗಿಲಲ್ಲಿ ಇಳಿಸಿ, "ನೀವು ಉಂಡು ಬನ್ನಿ, ನಾನು ಇಲ್ಲೇ ಬಗಲಿಗೆ ಹೋಗಿ ಬರ್ತೆ" ಎಂದರು. ಬಗಲಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಹುರಿದ ಬಂಗಡೆಯ ವಾಸನೆ ಮೂರು ಅಂಗಡಿ ಆಚೆಯಿಂದ ತಾನೇ ಹೇಳುತ್ತಿತ್ತು. ಅಕ್ಕನ ಮಗ ಎರಡು ನಿಮಿಷ ಬಿಟ್ಟು, ಎಟಿಎಂ ಹುಡುಕಿಕೊಂಡು ಬರುತ್ತೇನೆಂದು ಎದ್ದ. ಇಬ್ಬರೂ ಒಟ್ಟಿಗೇ ವಾಪಸು ಬಂದರು, ಇಬ್ಬರ ಬಾಯಲ್ಲೂ ಬಡೆಸೋಂಪು. ಅತ್ತೆ ಕಿಟಕಿಯ ಗ್ಲಾಸು ಇಳಿಸಿ ಹೊರಗೆ ನೋಡುತ್ತ ಕೂತರು.

ಊಟವಾದ ಮೇಲೆ ಟಾಗೋರ್ ಕಡಲತೀರ, ಯುದ್ಧನೌಕೆಯ ಮ್ಯೂಸಿಯಂ, ಸಂಜೆಗೆ ಗೋಕರ್ಣ ಎಂದಿತ್ತು. ಮೊದಲನೆಯದರಲ್ಲಿ ಮರದಡಿ ಕೂತವರು ಏಳಲಿಲ್ಲ. ಮ್ಯೂಸಿಯಮ್ಮಿನ ಚಾಪಲ್ ನೌಕೆ ಕೂತಲ್ಲಿಂದಲೇ ಕಾಣುತ್ತಿತ್ತು, ಅಷ್ಟಕ್ಕೇ ತೃಪ್ತಿ. ನಾಯ್ಕರು ಬಂದು ಹೊರಡೋಣವೇ ಎಂದು ಕೇಳಲೂ ಇಲ್ಲ, ದೂರದಲ್ಲಿ ಮತ್ತೊಬ್ಬ ಡ್ರೈವರಿನ ಜೊತೆ ಎಲೆಯಡಿಕೆ ಹಾಕುತ್ತ ನಿಂತಿದ್ದರು. ಬಸ್ಸಾಗಿದ್ದರೆ ಹಾರ್ನು ಹೊಡೆಯುತ್ತಿತ್ತು. ಪ್ಯಾಕೇಜ್ ಟೂರಾಗಿದ್ದರೆ ಯಾರೋ ಕೊಡೆ ಎತ್ತಿ ಹಿಡಿದು ಕರೆಯುತ್ತಿದ್ದರು. ಗೋಕರ್ಣವನ್ನು ಬಿಟ್ಟದ್ದು ಯಾರು ಎಂದು ಈಗಲೂ ಗೊತ್ತಿಲ್ಲ, ಆದರೆ ಪಟ್ಟಿ ಪೂರ್ತಿ ಖಾಲಿಯಾದಾಗ ಎಲ್ಲರ ಮುಖದಲ್ಲೂ ಬೆಳಗಿನಿಂದ ಇರದ ಕಳೆ ಬಂದಿತ್ತು. ಬಾಡಿಗೆ ಹಣದಲ್ಲಿ ಇದಕ್ಕೆ ಕೊಟ್ಟ ಪಾಲು ನನಗೆ ಹೆಚ್ಚೆನಿಸಲಿಲ್ಲ.

ವಾಪಸು ಬರುವಾಗ ಅಂಕೋಲೆಯಲ್ಲಿ ಹಾಲಕ್ಕಿ ಹೆಂಗಸರ ಹತ್ತಿರ ಕರಿ ಇಶಾಡು ಮಾವಿನಹಣ್ಣು ಕೊಂಡೆವು. ಹಣ್ಣು ಮುಟ್ಟಿ ಆರಿಸಿದ್ದು ನಾಯ್ಕರು. ತಮಗೂ ಒಂದು ಡಜನ್ ತೆಗೆದುಕೊಂಡರು. ಡಿಕ್ಕಿಯಿಂದ ಬರುವ ಘಮಕ್ಕೆ ಅತ್ತೆಗೆ ಘಟ್ಟದ ತಿರುವುಗಳಲ್ಲಿ ಲಿಂಬೆಹಣ್ಣು ಬೇಕಾಗಲೇ ಇಲ್ಲ.

ಮನೆಯಂಗಳಕ್ಕೆ ಬಂದಾಗ ರಾತ್ರಿ ಒಂಬತ್ತೂವರೆ. ನಾಯ್ಕರು ಒಳಗಿನ ಲೈಟು ಹಾಕಿ, ಮೀಟರ್ ನೋಡಿ, ಟೋಲಿನ ಚೀಟಿಯ ಹಿಂದೆ ಲೆಕ್ಕ ಬರೆದರು. ಅಲ್ಲಿ ಇಲ್ಲಿ ತಿರುಗಿದ್ದೂ ಸೇರಿ 300 ಮುಟ್ಟಿರಲಿಲ್ಲ. ಬಾಡಿಗೆ ಮಾತ್ರ ಪೂರ್ತಿ 300ರದ್ದೇ. ಅತ್ತೆ ಆ ಚೀಟಿಯನ್ನು ಕೈಗೆ ತೆಗೆದುಕೊಂಡು ದೀಪಕ್ಕೆ ಹಿಡಿದರು. "ಇನ್ನೂ ನಲವತ್ತು ಚಿಲ್ಲರೆ ಬಾಕಿ ಇದ್ದಲೋ ತಮಾ."

"ಹೌದ್ರಾ ಅಮ್ಮ" ಎಂದರು ನಾಯ್ಕರು, ನಗದೆ. "ಬನವಾಸಿಗೆ ಹೋಗಿ ಬರೂಕೆ ಸರಿ ಆಗ್ತದೆ. ಹೋಗುವಾ?"

ನಾನು ಫೋನ್ ಪೇ ತೆಗೆದು ದುಡ್ಡು ಹಾಕುತ್ತಿದ್ದೆ. ಅತ್ತೆ ಒಂದು ಕಾಲು ಕಾರಿನಲ್ಲಿಟ್ಟುಕೊಂಡೇ ಕೇಳಿದರು: "ಈಗ ದೇವಸ್ಥಾನ ತೆಗ್ದಿರ್ತಾ?"