ಸೋಯಾ ಸಾಸ್ ನುಂಗಿದ ಏಕಾದಶಿ

ಇಂದಿರಾನಗರದ ಯಾವುದೋ ಜಪಾನಿ ಹೋಟೆಲಿನಲ್ಲಿ ಆಫೀಸಿನವರ ಜೊತೆ ಸಲಾಡ್ ತಿಂದು ಬಂದ ಮೇಲೆ ನಮ್ಮ ಮಗಳು ಬೆಳಗಿನ ದೋಸೆಗೆ ಎಳ್ಳುನೀರು ಬಿಟ್ಟಳು. ಸೊಪ್ಪು ಸಾಕಂತೆ, ಅದರ ಮೇಲೆ ಹುಯ್ಯುವ ಡ್ರೆಸ್ಸಿಂಗ್ ಮಾತ್ರ ಬೇಕೇ ಬೇಕಂತೆ. ಅಂಗಡಿ ಬಾಟಲಿಯ ಬೆಲೆ ಕೇಳಿದ ನಮ್ಮ ಯಜಮಾನರು, "ಅದರಲ್ಲಿ ಏನ್ ಮಹಾ ಇರುತ್ತೆ, ಮನೇಲೇ ಮಾಡೋಣ" ಅಂದು ಪೇಪರ್ ಹಿಡಿದು ಕೂತರು.

ಮಹಾ ಏನೂ ಇರಲಿಲ್ಲ, ನಿಜ. ಸೋಯಾ ಸಾಸ್, ಅಕ್ಕಿ ವಿನೆಗರ್, ಎಣ್ಣೆ ಹೆಚ್ಚುಕಡಿಮೆ ಸಮ ಸಮ. ಜೊತೆಗೆ ಈರುಳ್ಳಿ, ಶುಂಠಿ, ಎಳ್ಳು, ಚೂರು ಸಕ್ಕರೆ. ಆದರೆ ನಮ್ಮನೆಯಲ್ಲಿ ಪ್ರತಿಯೊಂದಕ್ಕೂ ಆಗಲೇ ಬೇರೆ ಕೆಲಸ ಸಿಕ್ಕಿತ್ತು. ಎಳ್ಳೆಣ್ಣೆ ದೇವರ ಮನೆಯಲ್ಲಿ, ಶನಿವಾರದ ದೀಪಕ್ಕೆ. ವಿನೆಗರ್ ಸಿಂಕಿನ ಕೆಳಗೆ, ಬೋರ್‌ವೆಲ್ ನೀರು ಕೆಟಲ್ ತಳಕ್ಕೆ ಕಟ್ಟುವ ಬಿಳಿ ಕರೆ ಬಿಡಿಸೋದಕ್ಕೆ. ಸೋಯಾ ಸಾಸ್ ಫ್ರಿಜ್ ಬಾಗಿಲಲ್ಲಿ, ಯಾವ ಕಾಲದ್ದೋ ಗೋಬಿ ಮಂಚೂರಿಯ ನೆನಪಿಗೆ.

"ಶನಿಮಹಾತ್ಮನ ಎಣ್ಣೆ ಸೊಪ್ಪಿಗೆ ಹಾಕ್ತೀಯೇನಮ್ಮಾ?" ಅಂದರು ಅತ್ತೆ. ವಾದ ಯಾಕೆ ಅಂತ ಗಾಂಧಿ ಬಜಾರಿನಿಂದ ಬೇರೆ ಬಾಟಲಿ ತರಿಸಿದೆ. ಅಷ್ಟರಲ್ಲಿ ಮಗಳು ಮೊಬೈಲ್ ಹಿಡಿದು ಬಂದಳು. ಜಪಾನಿನವರದು ಹುರಿದ ಎಳ್ಳಿನ ಎಣ್ಣೆ, ಕಂದು ಬಣ್ಣ, ಗಮ್ಮೆನ್ನುತ್ತೆ. ನಮ್ಮದು ಹಸಿ ಎಳ್ಳಿನದು. ಸರಿ, ಬಿಳಿ ಎಳ್ಳನ್ನು ಚಟಪಟ ಅನ್ನುವ ತನಕ ಹುರಿದು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿದೆ. ಇದಕ್ಕೇ ಅಂತ ಅಲ್ಲಿ ಒಳಗೆಲ್ಲ ಗೀರು ಕೊರೆದ ಸುರಿಬಾಚಿ ಅನ್ನುವ ಮಣ್ಣಿನ ಬಟ್ಟಲಿದೆ. ಎಳ್ಳಿನ ಪರಿಮಳ ಬಂದದ್ದೇ ತಡ, ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದಕ್ಕೊಂಚೂರು ಬೆಲ್ಲ ಸೇರಿಸಿ ನಿಲ್ಲಿಸಿಬಿಡು" ಅಂದರು. ಕೇಳಬೇಕಿತ್ತು!

ಈರುಳ್ಳಿಯನ್ನು ಮಿಕ್ಸಿಗೆ ಹಾಕಿದರೆ ಕಹಿಯಾಗುತ್ತೆ ಅಂತ ತುರಿಯತೊಡಗಿದೆ. ಕಣ್ಣಲ್ಲಿ ಮೂಗಲ್ಲಿ ಧಾರೆ. ಹೆಪ್ಪಿಗೆ ಮೊಸರು ಕೇಳಲು ಬಂದ ಎದುರುಮನೆಯಾಕೆ ಬಾಗಿಲಲ್ಲೇ ನಿಂತುಬಿಟ್ಟರು. ಅತ್ತೆ ಗಾಬರಿಯಿಂದ, "ನಾನೇನೂ ಅಂದಿಲ್ಲಮ್ಮ, ಜಪಾನ್ ಅಡುಗೆಯಂತೆ" ಅಂದರು. ಅವರು ನಂಬಲಿಲ್ಲ, ಮೊಸರು ಮರೆತು ಹೋದರು.

ಅಕ್ಕಿ ವಿನೆಗರ್ ಸಾಧು. ನಮ್ಮ ಸಿಂಕಿನ ಕೆಳಗಿನದು ನೆತ್ತಿಗೇರುವ ಜಾತಿ. ನೀರು ಬೆರೆಸಿ, ಸಕ್ಕರೆ ಹೆಚ್ಚಿಸಿ ಒಲಿಸಿಕೊಂಡೆ. ಕಪ್ಪಗೆ ಸಾಸ್ ಬಿದ್ದಮೇಲೆ ಎಲ್ಲವೂ ಬಾಟಲಿಗೆ ಇಳಿಯಿತು. ಎಣ್ಣೆ ಮೇಲೆ, ಮಿಕ್ಕದ್ದು ಕೆಳಗೆ. ಪ್ರತಿಸಲ ಅಲುಗಿಸಿಯೇ ಬಳಸಬೇಕು ಅಂತ ಮಗಳು ಹೇಳಿದ್ದು ಯಜಮಾನರ ಕಿವಿಗೆ ಬಿತ್ತು. ಇಡೀ ಅಡುಗೆಯಲ್ಲಿ ಅವರಿಗೆ ಹಿಡಿಸಿದ ಕೆಲಸ ಅದೊಂದೇ. ಮುಚ್ಚಳ ಬೇರೆ ಯಾವುದೋ ಉಪ್ಪಿನಕಾಯಿ ಬಾಟಲಿಯದು ಅಂತ ನಾನು ಹೇಳಿ ಮುಗಿಸೋದರೊಳಗೆ ಅವರು ಎರಡೂ ಕೈಯಲ್ಲಿ ಹಿಡಿದು, ಮೈಮೇಲೆ ದೇವರು ಬಂದವರ ಹಾಗೆ ಕುಲುಕಿದರು.

ಮುಚ್ಚಳ ಮಿಕ್ಸಿಯ ಹಿಂದೆ ಹೋಯಿತು. ಡ್ರೆಸ್ಸಿಂಗ್ ಅರ್ಧ ಅವರ ಬನಿಯನ್ನಿಗೆ, ಉಳಿದದ್ದರಲ್ಲಿ ದೊಡ್ಡ ಪಾಲು ಗೋಡೆಯ ಕ್ಯಾಲೆಂಡರಿಗೆ. ಒರೆಸಲು ಹೋದರೆ ಎಣ್ಣೆ ಇನ್ನಷ್ಟು ಹರಡಿ, ತಿಂಗಳ ಕೊನೆಯ ಎರಡು ಸಾಲು ಕಪ್ಪಾದವು. ತಳದಲ್ಲಿ ಮಿಕ್ಕಿದ್ದನ್ನು ಮಗಳು ಸೌತೆಕಾಯಿ ಮೇಲೆ ಹುಯ್ದುಕೊಂಡು, "ಅಮ್ಮಾ, ಹೋಟೆಲಿಗಿಂತ ಚೆನ್ನಾಗಿದೆ" ಅಂತ ಚಪ್ಪರಿಸಿದಳು. ಅತ್ತೆಗೆ ಅದು ಯಾವುದೂ ಬೇಕಿರಲಿಲ್ಲ. ಕನ್ನಡಕ ಏರಿಸಿ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಮೈಸೂರಿನ ತಂಗಿಗೆ ಫೋನ್ ಹಚ್ಚಿದರು.

"ಏನೇ, ಏಕಾದಶಿ ಯಾವತ್ತು ನೋಡಿ ಹೇಳೇ. ನಮ್ಮನೇದನ್ನ ಜಪಾನಿನವರು ಅಳಿಸಿ ಹಾಕಿದಾರೆ."